ಚೊಂಬಿನ ನಾಡಿ

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮವಿತ್ತು. ಜಪತಪ ಮಾಡುವವರು ಅಲ್ಲಿ ಯಾರೂ ಇರಲಿಲ್ಲ. ಎರಡು ಸಾಲು ಕಬ್ಬಿಣದ ಮಂಚ, ಒಂದು ಔಷಧಿ ಬೀರು, ಹಾಸಿಗೆ ಹಿಡಿದ ಮುದುಕರು, ಒಬ್ಬ ಅಡುಗೆಯವಳು, ಮುದುಕರನ್ನು ನೋಡಿಕೊಳ್ಳುವ ತಬಿತಮ್ಮ. ಆಶ್ರಮ ಎಂದರೆ ಇಷ್ಟೇ.

ತಬಿತಮ್ಮ ಒಂದು ಕಾಲಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಪಾಠ ಹೇಳಿದವರು. ನಿವೃತ್ತಿಯಾದ ಮೇಲೂ ಪಾಠ ಬಿಡಲಿಲ್ಲ. ಬೈಗುಳವನ್ನಂತೂ ಬಿಡಲೇ ಇಲ್ಲ.

ನರ್ಸಿಂಗ್ ಓದಿ ಮುಗಿಸಿ ನೋಂದಣಿ ಪರೀಕ್ಷೆಯಲ್ಲಿ ಮುಗ್ಗರಿಸಿದ ಹುಡುಗಿಯರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಪರೀಕ್ಷೆ ದಾಟದೆ ಯಾರೂ ನರ್ಸ್ ಎಂದು ಕರೆಸಿಕೊಳ್ಳುವ ಹಾಗಿಲ್ಲ.

ದಾಕ್ಷಾಯಣಿ ಬಂದದ್ದೂ ಹಾಗೆಯೇ. ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಯೂನಿಫಾರ್ಮ್ ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಚಿಕ್ಕಂದಿನಿಂದ ಅವಳು ಬೇರೇನೂ ಆಗಬೇಕೆಂದುಕೊಂಡವಳಲ್ಲ.

"ಬರೆಯೋದ್ರಲ್ಲಿ ಹೋಯ್ತಾ, ಪ್ರಾಕ್ಟಿಕಲ್‌ನಲ್ಲಾ?" ತಬಿತಮ್ಮ ಕೇಳಿದರು.

"ಪ್ರಾಕ್ಟಿಕಲ್ ಅಮ್ಮ. ಎಲ್ಲಾ ಬಾಯಿಗೆ ಬರ್ತೈತೆ. ಮಂಚದ ಹತ್ರ ಹೋದ ಕೂಡ್ಲೆ ಕೈ ನಡುಗ್ತಾವೆ."

"ಆಗ ಕಣ್ಣಿಗೆ ಏನು ಕಾಣುತ್ತೆ?"

"ಪರೀಕ್ಷೆ ಮಾಡೋರ ಪೆನ್ನು."

ತಬಿತಮ್ಮ ಒಳಗೆ ಬಾ ಎಂದು ಕೈ ಮಾಡಿದರು.

ಅವರು ಗೊಂಬೆಯ ಮೇಲೆ ಪಾಠ ಕಲಿಸುತ್ತಿರಲಿಲ್ಲ. ಬೆಳಗಿನ ಕೆಲಸ ಮುಗಿದ ಮೇಲೆ ತಾವೇ ಖಾಲಿ ಮಂಚದ ಮೇಲೆ ಮಲಗಿ, "ನಾನೇ ರೋಗಿ, ಬನ್ನಿ" ಎನ್ನುತ್ತಿದ್ದರು. ಮಲಗಿದ್ದು ರೋಗಿಯಾದರೂ ಬಾಯಿ ಮಾತ್ರ ಮೇಡಮ್ಮಿನದೇ.

ಮೊದಲ ದಿನ ದಾಕ್ಷಾಯಣಿ ಮಂಚದ ಪಕ್ಕ ನೆಟ್ಟಗೆ ನಿಂತು ಎದುರಿನ ಗೋಡೆಗೆ ಒಪ್ಪಿಸಿದಳು.

"ಈಗ ನಾನು ರೋಗಿಗೆ ವಿಷಯವನ್ನು ವಿವರಿಸಿ ಧೈರ್ಯ ತುಂಬುತ್ತೇನೆ."

"ಯಾರಿಗೆ ಹೇಳಿದೆ?"

"ಪರೀಕ್ಷಕರಿಗೆ."

"ಯಾಕೆ, ಅವರಿಗೇನು ಜ್ವರ ಬಂದಿದೆಯಾ?"

ಪಕ್ಕದಲ್ಲಿದ್ದ ಫರ್ಜಾನಾ ಕಿಸಕ್ಕನೆ ನಕ್ಕಳು. ಅವಳೂ ಅದೇ ಪರೀಕ್ಷೆಗೆ ಓದುತ್ತಿದ್ದವಳು. ಸೋತದ್ದು ಒಂದೇ ಸಲವಾದ್ದರಿಂದ ನಗು ಇನ್ನೂ ಉಳಿದಿತ್ತು.

"ರೋಗಿ ಕಾಯ್ತಾ ಇದಾಳೆ," ಎಂದರು ತಬಿತಮ್ಮ. "ವಿವರಿಸು."

ದಾಕ್ಷಾಯಣಿ ಅವರ ಮುಖ ನೋಡಿದಳು. ರೋಗಿಗೆ ವಿವರಿಸಬೇಕು ಎಂದು ಪುಸ್ತಕದಲ್ಲಿ ಬರೆದಿತ್ತು. ಎದುರಿಗಿರುವ ಈ ಮುಖಕ್ಕೆ ಏನು ಹೇಳಬೇಕೆಂದು ಬರೆದಿರಲಿಲ್ಲ.

"ಹೋಗಲಿ. ನಾಡಿ ನೋಡಿ."

ಫರ್ಜಾನಾ ಮೊದಲು ಬಂದಳು. ಮಣಿಕಟ್ಟು ಮುಟ್ಟಿದಳೋ ಇಲ್ಲವೋ, "ಎಪ್ಪತ್ತೆರಡು ಅಮ್ಮ, ಕ್ರಮವಾಗಿದೆ" ಎಂದು ಕೈ ಬಿಟ್ಟಳು.

"ನಿನ್ನೇನೂ ಎಪ್ಪತ್ತೆರಡು, ಮೊನ್ನೇನೂ ಎಪ್ಪತ್ತೆರಡು. ಅದು ಪುಸ್ತಕದ ಲೆಕ್ಕ. ನಾನೇನು ಪುಸ್ತಕನೇನೇ?"

ಈಗ ದಾಕ್ಷಾಯಣಿಯ ಸರದಿ. ಅವಳು ಕಣ್ಣು ಮುಚ್ಚಿ ಪಾಠ ಒಪ್ಪಿಸಿದಳು. "ನಾಡಿ ನೋಡುವಾಗ ಮೂರು ಬೆರಳುಗಳನ್ನು ಇಡಬೇಕು. ಹೆಬ್ಬೆರಳನ್ನು ಬಳಸಬಾರದು. ಏಕೆಂದರೆ ಹೆಬ್ಬೆರಳಿಗೆ ತನ್ನದೇ ಬಡಿತವಿರುತ್ತದೆ."

ಹೇಳುತ್ತಲೇ ತಬಿತಮ್ಮನ ಮಣಿಕಟ್ಟನ್ನು ಬಾವಿಗೆ ಬಿದ್ದವರು ಹಗ್ಗ ಹಿಡಿದ ಹಾಗೆ ಹಿಡಿದಿದ್ದಳು. ಅವಳ ಹೆಬ್ಬೆರಳು ಉಗುರು ಬೆಳ್ಳಗಾಗುವಷ್ಟು ಒತ್ತಿತ್ತು. ಬಾಯಿ ಹೇಳಿದ್ದು ಕೈಗೆ ಕೇಳಿಸಿರಲಿಲ್ಲ.

"ನೂರಾ ಹತ್ತು ಅಮ್ಮ."

"ಸರಿಯಾಗಿ ಎಣಿಸಿದೆಯಾ?"

"ಪೂರ್ತಿ ಒಂದು ನಿಮಿಷ."

"ಪಾಪ, ಯಾರೋ ಬಹಳ ಓಡ್ತಾ ಇದಾರೆ." ತಬಿತಮ್ಮ ಕೈ ಬಿಡಿಸಿಕೊಂಡು ಎದ್ದು ಕೂತರು. "ಅದು ಯಾರು ಅಂತ ಹುಡುಕ್ಕೊಂಡು ಬಾ. ಅಲ್ಲೀವರೆಗೆ ನನ್ನ ಕೈ ಮುಟ್ಟಬೇಡ."

"ಇಲ್ಲಿ ಇರೋದು ನೀವು, ನಾನು, ಫರ್ಜಾನಾ. ಇನ್ಯಾರನ್ನ ಹುಡುಕ್ಲಿ?"

ತಬಿತಮ್ಮ ಆಗಲೇ ಇನ್ನೊಂದು ಮಂಚದ ಮುದುಕನಿಗೆ ಮಗ್ಗುಲು ಬದಲಿಸುತ್ತಿದ್ದರು.

ದಿನಗಳು ಹೋದವು. ಫರ್ಜಾನಾ ದಿನಾ ಎಪ್ಪತ್ತೆರಡು ಹೇಳಿದಳು, ದಿನಾ ಬೈಸಿಕೊಂಡಳು. ದಾಕ್ಷಾಯಣಿ ದೂರ ನಿಂತು ನೋಡಿದಳು. ಪರೀಕ್ಷೆ ಹತ್ತಿರವಾದಂತೆ ಅನ್ನ ಸೇರದಾಯಿತು. ಔಷಧಿಯ ತಟ್ಟೆ ಹಿಡಿದರೆ ಶೀಶೆಗಳು ಗಲಗಲ ಎನ್ನುತ್ತಿದ್ದವು. ಬಾಗಿಲು ಬಡಿದರೂ ಬೆಚ್ಚುತ್ತಿದ್ದಳು.

"ಅಮ್ಮ, ಕೊನೇ ಸಲ ಇದು," ಎಂದು ಒಂದು ದಿನ ಅತ್ತೇಬಿಟ್ಟಳು. "ನಿಮ್ಮ ಕೈ ಕೊಡ್ರಿ. ಒಗಟು ಆಮೇಲೆ ಬಿಡಿಸ್ತೀನಿ. ನಂಗೆ ಬಹಳ ಭಯ ಆಗ್ತೈತೆ."

"ಭಯ ಆಗ್ತಿರೋದು ನಿನಗೆ. ಕೈ ಯಾಕೆ ನಂದು ಬೇಕು?"

ಎಂಥ ಕಲ್ಲು ಮನಸ್ಸಿನ ಹೆಂಗಸು ಎಂದುಕೊಂಡಳು ದಾಕ್ಷಾಯಣಿ. ಆ ಹೆಂಗಸು ನದಿಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ನಿಲ್ಲುತ್ತಿದ್ದುದನ್ನು ಅವಳು ಗಮನಿಸಲಿಲ್ಲ. ಗಮನಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಹಗಲೆಲ್ಲ ತನ್ನ ಎದೆ ಹೊಡೆದುಕೊಳ್ಳುವುದನ್ನೇ ಕೇಳುತ್ತಿದ್ದಳು.

ಪರೀಕ್ಷೆಯ ದಿನ ಬೆಳಗಾಯಿತು. ಪರೀಕ್ಷೆ ಆಚೆ ದಡದ ಊರಿನ ಆಸ್ಪತ್ರೆಯಲ್ಲಿ. ಅಂಬಿಗರ ಗಂಗಪ್ಪ ಹರಿಗೋಲು ತಂದು ಕಾಯುತ್ತಿದ್ದ.

ದಾಕ್ಷಾಯಣಿ ಮುಖ ತೊಳೆಯಲು ನದಿಗಿಳಿದಳು. ಹಿತ್ತಾಳೆಯ ಚೊಂಬಿನಲ್ಲಿ ನೀರು ತುಂಬಿಕೊಂಡು ಆಚೆ ದಡ ನೋಡಿದಳು. ಆಸ್ಪತ್ರೆಯ ಹಳದಿ ಗೋಡೆ ಕಾಣಿಸಿತು. ಚೊಂಬನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಅವುಚಿ ಹಿಡಿದಳು.

ಚೊಂಬು ಬಡಿದುಕೊಳ್ಳುತ್ತಿತ್ತು.

ಬೆಚ್ಚಿಬಿದ್ದು ನೋಡಿದಳು. ತಣ್ಣನೆಯ ಹಿತ್ತಾಳೆ. ಒಳಗೆ ಬರೀ ನೀರು. ಆದರೂ ಹೆಬ್ಬೆರಳಿನ ಕೆಳಗೆ ಡಬಡಬ ಎಂದು ಬಡಿತ. ಚೊಂಬನ್ನು ಕೆಳಗಿಟ್ಟಳು. ಬೆರಳಿನ ಬಡಿತ ನಿಲ್ಲಲಿಲ್ಲ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಎಷ್ಟೋ ಸಲ ಒಪ್ಪಿಸಿದ ಪಾಠ ಆಗ ಅರ್ಥವಾಯಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

ತಬಿತಮ್ಮ ಮಂಚದ ಮೇಲೆ ಕೂತು ಜಡೆ ಹಾಕಿಕೊಳ್ಳುತ್ತಿದ್ದರು. ದಾಕ್ಷಾಯಣಿ ಒದ್ದೆ ಕೈಯಲ್ಲೇ ಹೋಗಿ ಎದುರು ನಿಂತಳು.

"ಸಿಕ್ಕರಮ್ಮ."

"ಯಾರು?"

"ಚೊಂಬಿಗೂ ನೂರಾ ಹತ್ತೇ ಐತೆ."

ತಬಿತಮ್ಮ ಜಡೆ ಬಿಟ್ಟು ಜೋರಾಗಿ ನಕ್ಕರು. ನಗುತ್ತ ನಗುತ್ತ ಉಸಿರು ಸಾಲದೆ ಎದೆ ಹಿಡಿದುಕೊಂಡರು. ಸುಧಾರಿಸಿಕೊಂಡು ಮಲಗಿ ಕೈ ಚಾಚಿದರು.

"ನಿನ್ನದು ಗೊತ್ತಾಯ್ತಲ್ಲ. ಹಂಗಾದ್ರೆ ನನ್ನದು ಎಲ್ಲಿದೆ, ಹುಡುಕು."

ದಾಕ್ಷಾಯಣಿ ಮೂರು ಬೆರಳಿಟ್ಟಳು. ಹೆಬ್ಬೆರಳನ್ನು ದೂರ ಹಿಡಿದಳು. ಮೊದಲು ಏನೂ ತಿಳಿಯಲಿಲ್ಲ. ಅವಳ ಕಿವಿಯ ತುಂಬ ಅವಳದೇ ಸದ್ದು. ಒತ್ತುವುದನ್ನು ಕಡಿಮೆ ಮಾಡಿ ಕಾದಳು.

ಆಮೇಲೆ ಸಿಕ್ಕಿತು. ಬಹಳ ಮೆತ್ತಗೆ, ಬೇರೆ ಯಾರದೋ ಮನೆಯಲ್ಲಿ ನಡೆದಾಡುವ ಸದ್ದಿನ ಹಾಗೆ.

ಒಂದು. ಎರಡು. ಮೂರು.

ನಾಲ್ಕನೆಯದು ಬರಲಿಲ್ಲ.

ದಾಕ್ಷಾಯಣಿ ಬೆರಳು ಕದಲಿಸದೆ ಕಾದಳು. ಬಂತು. ಎರಡು ಬಡಿತ ಗಡಿಬಿಡಿಯಲ್ಲಿ ಬಂದು ಮತ್ತೆ ನಿಂತವು. ಈ ಸಲ ಇನ್ನೂ ತಡ. ಅಂಥ ಭಯ ಅವಳು ಯಾವ ಪರೀಕ್ಷೆಯಲ್ಲೂ ಕಂಡಿರಲಿಲ್ಲ.

"ಅಮ್ಮ, ನಿಮ್ಮ ನಾಡಿ ತಪ್ಪುತೈತೆ."

ದಾಕ್ಷಾಯಣಿ ಅವರ ತುಟಿಯ ಬಣ್ಣ ನೋಡಿದಳು. ಕುತ್ತಿಗೆಯ ಹತ್ತಿರ ರವಿಕೆಯ ಗುಂಡಿ ಸಡಿಲಿಸಿದಳು. ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದಳು. "ಎದೆ ನೋಯ್ತೈತಾ? ಉಸಿರು? ಯಾವಾಗಿಂದ?" ಎಂದು ಕೇಳಿದಳು. "ಫರ್ಜಾನಾ, ಗಂಗಪ್ಪಣ್ಣನ್ನ ಕರಿ. ಕುರ್ಚಿ ತಗೊಂಬಾ. ಅಮ್ಮನ್ನ ನಡೆಸೋದು ಬೇಡ, ಎತ್ಕೊಂಡು ಹೋಗೋಣ."

ಫರ್ಜಾನಾ ಬಾಗಿಲಲ್ಲೇ ಅಳತೊಡಗಿದಳು. "ನಾನು ದಿನಾ ಎಪ್ಪತ್ತೆರಡು ಅಂತಿದ್ನಲ್ಲೇ..."

"ಆಮೇಲೆ ಅಳು. ಕುರ್ಚಿ ತಾ."

ಮುದುಕರನ್ನು ಅಡುಗೆಯವಳಿಗೆ ಒಪ್ಪಿಸಿ ಎಲ್ಲರೂ ಹತ್ತಿದ ಮೇಲೆ ಹರಿಗೋಲು ಹೊರಟಿತು. ನೀರಿನ ಸೆಳವು ಜೋರಾಗಿತ್ತು. ಸುಳಿ ಇದ್ದ ಕಡೆ ಹರಿಗೋಲು ಒಂದು ಸುತ್ತು ತಿರುಗಿದಾಗ ಫರ್ಜಾನಾ ಚೀರಿದಳು. ದಾಕ್ಷಾಯಣಿ ತಲೆ ಎತ್ತಲಿಲ್ಲ. ತಬಿತಮ್ಮನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು ಮಣಿಕಟ್ಟು ಹಿಡಿದು ಕೂತಿದ್ದಳು.

"ನಿಮಗೆ ಗೊತ್ತಿತ್ತಾ ಅಮ್ಮ?"

"ಅನುಮಾನ ಇತ್ತು."

"ಡಾಕ್ಟರಿಗೆ ತೋರಿಸ್ಬೇಕಿತ್ತಲ್ಲ? ಇಷ್ಟು ವರ್ಷ ನರ್ಸಾಗಿ ನಿಮಗೆ ಬುದ್ಧಿ ಬ್ಯಾಡ್ವಾ?" ಸಿಟ್ಟಿನಲ್ಲಿ ಅವಳ ದನಿ ಏರಿತು.

ಗುರುವಿಗೆ ಹೀಗೆ ಬೈದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತಬಿತಮ್ಮ ಸುಮ್ಮನೆ ಬೈಸಿಕೊಂಡರು.

"ಭಯ ಕಣೇ," ಎಂದರು ಮೆಲ್ಲಗೆ. "ತೋರಿಸಿದ್ರೆ ಏನು ಹೇಳ್ತಾರೋ ಅಂತ. ಈಗಲೂ ಭಯ ಆಗ್ತಿದೆ ದಾಕ್ಷಾಯಣಿ."

ದಾಕ್ಷಾಯಣಿ ಬಗ್ಗಿ ಅವರ ಮುಖ ನೋಡಿದಳು. ಪಾಠ ಹೇಳುವ ಮುಖ ಅಲ್ಲಿರಲಿಲ್ಲ. ಬಿಳಿಚಿಕೊಂಡ ಒಬ್ಬ ಮುದುಕಿಯ ಮುಖ.

"ಕೇಳ್ರಿ ಅಮ್ಮ. ಈಗ ದಡ ಸೇರ್ತೀವಿ. ಒಳಗೆ ಹೋದ ಕೂಡ್ಲೆ ನಿಮ್ಮನ್ನ ಮಲಗಿಸಿ ಎದೆಗೆ ತಣ್ಣಗೆ ಏನೋ ಹಚ್ತಾರೆ, ಬೆಚ್ಚಬ್ಯಾಡ್ರಿ. ವೈರು ಅಂಟಿಸಿ ಇಸಿಜಿ ತೆಗೀತಾರೆ. ಅದು ನೋಯಲ್ಲ. ಒಂದು ಸೂಜಿ ಚುಚ್ಚಬಹುದು, ಅದು ಸ್ವಲ್ಪ ನೋಯ್ತೈತೆ. ಉಸಿರು ಮೆಲ್ಲಗೆ ಎಳ್ಕೊಳ್ರಿ. ನಾನು ಕೈ ಬಿಟ್ಟಿಲ್ಲ."

ತಬಿತಮ್ಮ ಅವಳನ್ನೇ ನೋಡುತ್ತ ಕೇಳಿದರು. ಉಸಿರು ಮೆಲ್ಲಗೆ ಎಳೆದುಕೊಂಡರು.

ಆಸ್ಪತ್ರೆಯ ಬಾಗಿಲಿಗೆ ಸ್ಟ್ರೆಚರ್ ಬಂತು. ಒಬ್ಬ ನರ್ಸ್ ಓಡಿಬಂದು, "ಅಯ್ಯೋ, ನಮ್ಮ ಮೇಡಂ!" ಎನ್ನುತ್ತ ತಬಿತಮ್ಮನ ಮಣಿಕಟ್ಟು ತೆಗೆದುಕೊಂಡಳು. ಮೂರು ಬೆರಳು ಇಟ್ಟಳು. ಹೆಬ್ಬೆರಳು ದೂರವಿತ್ತು.

"ಎಷ್ಟು ಹೊತ್ತಿಂದ ಹೀಗಿದೆ?" ಎಂದು ಕೇಳಿದಳು. ದಾಕ್ಷಾಯಣಿ ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಅಷ್ಟರಲ್ಲಿ ಎಡಗಡೆಯ ಕೋಣೆಯಿಂದ ಪರೀಕ್ಷೆಗೆ ಬಂದವರ ಹೆಸರು ಕೂಗತೊಡಗಿದರು. ಸ್ಟ್ರೆಚರ್ ಹೋಗಬೇಕಾದದ್ದು ಬಲಕ್ಕೆ.

"ದಾಕ್ಷಾಯಣಿ!" ಎಂದು ಕೂಗಿದರು ಒಳಗಿನಿಂದ.

ಅವಳು ಅಲುಗಲಿಲ್ಲ. "ನಾನು ನಿಮ್ಮ ಜೊತೆ ಬರ್ತೀನಿ ಅಮ್ಮ. ಪರೀಕ್ಷೆ ಹಾಳಾಗಿ ಹೋಗ್ಲಿ."

"ದಾಕ್ಷಾಯಣಿ ಬಂದಿದಾರಾ?" ಮತ್ತೆ ಕೂಗಿದರು. ಇನ್ನೊಂದು ಸಲ ಕೂಗಿ ಹೆಸರು ಹೊಡೆದುಹಾಕುತ್ತಾರೆ.

ತಬಿತಮ್ಮ ಅವಳ ಸೆರಗಿನ ತುದಿ ಹಿಡಿದು ಹತ್ತಿರಕ್ಕೆ ಎಳೆದರು.

"ಹರಿಗೋಲಿನಲ್ಲಿ ನಿನ್ನ ನಾಡಿ ಎಷ್ಟಿತ್ತು?"

ದಾಕ್ಷಾಯಣಿ ತನ್ನ ಕೈ ನೋಡಿಕೊಂಡಳು. ಅದು ನಡುಗುತ್ತಿರಲಿಲ್ಲ.

"ನೋಡ್ಲಿಲ್ಲ ಅಮ್ಮ."

ತಬಿತಮ್ಮ ಸೆರಗು ಬಿಟ್ಟು ಎಡಗಡೆಯ ಬಾಗಿಲನ್ನು ತೋರಿಸಿದರು.

"ಅಲ್ಲೂ ಯಾರೋ ಒಬ್ಬರು ಹೆದರಿಕೊಂಡು ಮಲಗಿದಾರೆ. ಹೋಗು."