ಅಚ್ಚು ತಿದ್ದಿದ ಗಂಗವ್ವ

"ಕೇಳಿರಪ್ಪೋ ಕೇಳಿ! ಅರಮನೆಯ ಡೇಟಾ ಸೆಂಟರಿನ ಜಾಲ ಇನ್ನು ತನ್ನಷ್ಟಕ್ಕೆ ತಾನೇ ನಡೆಯಬೇಕು. ದಾರಿ ಬಲ್ಲವರು ಬಂದು ದೊರೆ ಉದ್ದಂಡರಾಯರ ಮೂರು ಒಗಟು ಬಿಡಿಸಿ. ಗೆದ್ದವರು ಕೇಳಿದ್ದು ಸಿಕ್ಕುತ್ತದೆ. ತಪ್ಪಿದವರ ತಲೆ ಸಂಜೆಗೆ ಉರುಳುತ್ತದೆ!"

ಡಂಗುರದವನು ಹೀಗೆ ಕೂಗುವಾಗ ಗಂಗವ್ವ ಸಕ್ಕರೆ ಪಾಕ ತಿರುವುತ್ತಿದ್ದಳು. ಸಂಕ್ರಾಂತಿಗೆ ಮರದ ಅಚ್ಚಿನಲ್ಲಿ ಗಿಳಿ, ಆನೆ ಎರೆದು ಮಾರುವುದು ಅವಳ ಕಸುಬು. ಅವಳ ಅಣ್ಣ ಮೈಲಾರಿ ಆ ಡೇಟಾ ಸೆಂಟರಿನಲ್ಲೇ ಕೆಲಸಕ್ಕಿದ್ದ. ರಾಜ್ಯದ ಲೆಕ್ಕಪತ್ರವೆಲ್ಲ ಅಲ್ಲಿನ ಯಂತ್ರಗಳ ಹೊಟ್ಟೆಯಲ್ಲಿ. ಆ ಯಂತ್ರಗಳನ್ನು ಒಂದರೊಡನೊಂದು ಮಾತಾಡಿಸುವ ಪೆಟ್ಟಿಗೆಗಳೇ ಸ್ವಿಚ್ಚುಗಳು; ಒಂದೊಂದಕ್ಕೂ ಕೈಯಾರೆ ಅಪ್ಪಣೆ ಬರೆಯಬೇಕು. ಮೈಲಾರಿ ಒಂದು ಅಂಕಿ ತಪ್ಪು ಬರೆದ, ಇಡೀ ಜಾಲ ಮಲಗಿತು. ದೊರೆ ಅವನನ್ನು ಸೆರೆಗೆ ತಳ್ಳಿದ. ಅವನ ತಲೆಗೂ ಅದೇ ಸಂಜೆಯ ಗಡುವು.

"ಅಯ್ಯೋ, ಒಂದರ ಜೊತೆ ಇನ್ನೊಂದು ತಲೆ ಯಾಕೆ ಕಳೀತೀಯೇ?" ಎಂದಳು ಪಕ್ಕದ ಮನೆಯವಳು.

"ಇರೋದು ಒಬ್ಬನೇ ಅಣ್ಣ, ಸುಮ್ಮನೆ ಕೂರಲಾ?" ಎಂದು ಗಂಗವ್ವ ಒಲೆ ಆರಿಸಿ ಹೊರಟೇಬಿಟ್ಟಳು.

ಸಭೆಯಲ್ಲಿ ಅವಳಿಗಿಂತ ಮೊದಲೇ ಸೇನಾಪತಿಯ ಮಗನೂ ಪಕ್ಕದ ಸೀಮೆಯ ಪಾಳೇಗಾರನೂ ನಿಂತಿದ್ದರು.

ದೊರೆ ಕೇಳಿದ: "ನೂರು ಬಾಗಿಲಿಗೆ ನೂರು ಕಾವಲುಗಾರರು. ನಾನು ಹೇಳುವುದು ಒಂದೇ ಸಲ. ಪ್ರತಿಯೊಬ್ಬನೂ ತನ್ನ ಬಾಗಿಲನ್ನೇ ಕಾಯಬೇಕು. ಹೇಗೆ?"

ಸೇನಾಪತಿಯ ಮಗ ಮೀಸೆ ತಿರುವಿದ. "ಡಂಗುರ ಹೊಡೆಸಿ, ಪ್ರಭು."

"ಕೇಳಿದವರೆಲ್ಲ ಒಂದೇ ಬಾಗಿಲಿಗೆ ಓಡಿದರೆ?"

ಭಟರು ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ಅಚ್ಚು, ದೊರೆಗಳೇ," ಎಂದಳು ಗಂಗವ್ವ. "ಗಿಳಿಯ ಅಚ್ಚು ಒಂದೇ, ಪಾಕಕ್ಕೆ ಹಾಕೋ ಬಣ್ಣ ಬೇರೆ. ಅಪ್ಪಣೆಗೂ ಒಂದೇ ಅಚ್ಚು ಮಾಡಿ, ಆಯಾ ಸ್ವಿಚ್ಚಿನ ಹೆಸರು, ನಂಬರು ಬೆರೆಸಿದರೆ ಸಾಕು, ಯಂತ್ರವೇ ಎಲ್ಲಕ್ಕೂ ಎರೆದುಕೊಡುತ್ತೆ. ಅಣ್ಣ ಇದನ್ನೇ ಬಡಕೊಂಡ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ."

"ನನ್ನ ಬಾಯಲ್ಲೂ ಅದೇ ಇತ್ತು," ಎಂದ ಪಾಳೇಗಾರ.

"ಹಾಗಾದರೆ ಎರಡನೆಯದಕ್ಕೆ ಬಾಯಿ ಬಿಡಿ," ಎಂದ ದೊರೆ. "ಎಲ್ಲವನ್ನೂ ಒಂದೇ ಥರ ಮಾಡಿ ಬೀಗ ಹಾಕಿದೆ. ಕಳ್ಳ ಬರಲಿಲ್ಲ, ಇಲಿ ಬರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಒಂದರಂತೆ ಇನ್ನೊಂದಿಲ್ಲ. ಕೆಡಿಸಿದವರು ಯಾರು?"

"ಕಾಲ, ಪ್ರಭು! ಕಾಲ ಯಾವುದನ್ನು ಬಿಟ್ಟೀತು?" ಎಂದ ಪಾಳೇಗಾರ.

ಸಭೆ ಭಲೆ ಭಲೆ ಎಂದಿತು. ದೊರೆ ಮಾತ್ರ ತಲೆ ಅಲ್ಲಾಡಿಸಿದ. ಪಾಳೇಗಾರನೂ ಭಟರ ಪಾಲಾದ.

"ಸರಿಮಾಡಿದವರೇ ಕೆಡಿಸಿದವರು," ಎಂದಳು ಗಂಗವ್ವ. "ಗಿಳಿಯ ಕೊಕ್ಕು ಸೊಟ್ಟಗೆ ಬಂದರೆ ನಮ್ಮ ಓಣಿಯವರು ಇವತ್ತೊಂದಿನದ ಮಟ್ಟಿಗೆ ಅಂತ ಚಾಕು ಹಿಡಿದು ಗೊಂಬೆ ಕೆರೀತಾರೆ. ನಾಳೆಯ ಗಿಳಿಗೂ ಅದೇ ಸೊಟ್ಟ ಕೊಕ್ಕು. ನಿಮ್ಮವರೂ ಆಪತ್ತು ಬಂದಾಗೆಲ್ಲ ಸ್ವಿಚ್ಚಿಗೆ ಕೈ ಹಾಕಿದರು, ಒಬ್ಬೊಬ್ಬರದು ಒಂದೊಂದು ಥರ. ಗೊಂಬೆ ಮುಟ್ಟಬಾರದು, ಅಚ್ಚು ತಿದ್ದಬೇಕು. ಅಚ್ಚಿಗೆ ಹೊಂದದ್ದು ಎಲ್ಲಿದೆ ಅಂತ ಯಂತ್ರವೇ ದಿನಾ ನೋಡಿ ಹೇಳಬೇಕು."

ದೊರೆ ಮುಂದಕ್ಕೆ ಬಾಗಿದ. "ಮೂರನೆಯದು. ಹೊಸದಕ್ಕೆ ಕೈ ಹಾಕುವ ಮುನ್ನ ಸಿದ್ಧವಾಗಿರಬೇಕಾದ್ದು ಏನು?"

ಗಂಗವ್ವ ಯೋಚಿಸಿದಳು. ಧೈರ್ಯವೇ? ಮುಹೂರ್ತವೇ? ಹೊರಗೆ ಕತ್ತಿ ಮಸೆಯುವ ಸದ್ದು. ಅಣ್ಣನ ಮುಖ ನೆನಪಾಗಿ ಅವಳಿಗೆ ಅಳುವೇ ಬಂತು. ಕಣ್ಣೊರೆಸಲು ಹೋದಾಗ ಅಂಗೈಯ ಹಳೆಯ ಸುಟ್ಟ ಕಲೆ ಕಂಡಿತು. ಚಿಕ್ಕಂದಿನಲ್ಲಿ ನೆನೆಸದ ಅಚ್ಚಿಗೆ ಪಾಕ ಸುರಿದು, ಅಂಟಿಕೊಂಡದ್ದನ್ನು ಕೀಳಲು ಹೋಗಿ ಆದದ್ದು. ಅವ್ವ ಬೆನ್ನಿಗೊಂದು ಗುದ್ದಿ, ಬಿಡಿಸೋದು ಮೊದಲು ಕಲಿ, ಎರೆಯೋದು ಆಮೇಲೆ ಎಂದಿದ್ದಳು.

"ಹಿಂದಕ್ಕೆ ಬರೋ ದಾರಿ!" ಎಂದಳು. "ಮೊದಲೇ ನೀರಲ್ಲಿ ನೆನೆಸಿದ ಅಚ್ಚಾದರೆ ಗೊಂಬೆ ಸಲೀಸಾಗಿ ಬಿಡುತ್ತೆ. ನಿನ್ನೆಯ ಅಪ್ಪಣೆಯನ್ನು ಜೋಪಾನ ಮಾಡಿಟ್ಟಿದ್ದರೆ, ಇವತ್ತಿನದು ಕೆಟ್ಟ ಕೂಡಲೇ ಜಾಲ ನಿನ್ನೆಗೆ ಮರಳುತ್ತಿತ್ತು. ನನ್ನ ಅಣ್ಣನಿಗೆ ಆ ದಾರಿ ಇರಲಿಲ್ಲ."

"ಸರಿ! ಏನು ಬೇಕು ಕೇಳು, ಮಗಳೇ."

"ತಪ್ಪಿದವರ ತಲೆ ತೆಗೀತೀನಿ ಅಂದಿರಲ್ಲ, ಆ ಅಪ್ಪಣೆಗೆ ಹಿಂದಕ್ಕೆ ಬರೋ ದಾರಿ ಇದೆಯಾ, ದೊರೆಗಳೇ? ಉರುಳಿದ ತಲೆ ಮತ್ತೆ ಕೂರುತ್ತಾ?"

ದೊರೆ ತನ್ನ ಕುತ್ತಿಗೆ ಸವರಿಕೊಂಡ. "ಇಲ್ಲ," ಎಂದ.

"ಹಾಗಾದರೆ ಅದನ್ನು ವಾಪಸ್ ತಗೊಳ್ಳಿ. ಬೇರೇನೂ ಬೇಡ."

ಕತ್ತಿ ಒರೆ ಸೇರಿತು. ಪಾಳೇಗಾರನೂ ಸೇನಾಪತಿಯ ಮಗನೂ ಚಪ್ಪಲಿ ಕೂಡ ಹುಡುಕದೆ ಓಡಿದರು. ಸೆರೆಯಿಂದ ಬಂದ ಮೈಲಾರಿ ತಂಗಿಯನ್ನು ತಬ್ಬಿ ಅತ್ತ. ಜಾಲದ ಯಜಮಾನಿಕೆಯನ್ನು ದೊರೆ ಅಣ್ಣತಂಗಿಯರ ಕೈಗೇ ಒಪ್ಪಿಸಿದ.

ಮೊದಲ ದಿನವೇ ಒಂದು ಸ್ವಿಚ್ಚು ಮಿಣಮಿಣ ಅಂದಿತು. "ಇದೊಂದನ್ನ ಇವತ್ತಿನ ಮಟ್ಟಿಗೆ..." ಎನ್ನುತ್ತ ಮೈಲಾರಿ ಕೈ ಚಾಚಿದ.

ಗಂಗವ್ವ ಆ ಕೈಗೆ ಪಟ್ಟನೆ ಒಂದು ಕೊಟ್ಟಳು. "ಅಚ್ಚು ತಿದ್ದೋ ಅಣ್ಣಾ!"