ತಾತನವರು ಮುಟ್ಟದ ನೀರು

ಪರಮಪೂಜ್ಯ ಓಬಳಯ್ಯ ತಾತನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಪಿನಾಕಿನಿಯ ಬತ್ತಿದ ಮರಳಿನ ಅಂಚಿನಲ್ಲಿ, ಬಳ್ಳಾರಿ ಜಾಲಿಯ ಮುಳ್ಳುಗಳ ನಡುವೆ, ಸೋಗೆಯ ಗುಡಿಸಲೊಂದರಲ್ಲಿ ಅವರು ವಾಸವಾಗಿದ್ದರು. ಗುಡಿಸಲ ಮುಂದೆ ಒಂದು ತಲಪರಿಗೆ. ಹೊಳೆಯ ಮರಳಿನಿಂದ ತಾನಾಗಿ ನೀರು ಜಿನುಗುವ ಗುಂಡಿಗೆ ನಮ್ಮ ಸೀಮೆಯಲ್ಲಿ ಹಾಗೆನ್ನುತ್ತಾರೆ. ನಮ್ಮ ಅಜ್ಜಂದಿರು ಅದರ ನೀರು ಕುಡಿದು ನೆಟ್ಟಗೆ ನಡೆದರು. ಕೊಳವೆಬಾವಿ ಬಂದ ಮೇಲೆ ಊರು ಅದನ್ನು ಮರೆಯಿತು. ಮರಳನ್ನು ಲಾರಿಗಳು ಹೊತ್ತುಕೊಂಡು ಹೋದವು. ಉಳಿದ ಗುಂಡಿಗೆ ಜನ ಸತ್ತ ಕೋಳಿ ಎಸೆದರು. ಎಪ್ಪತ್ತು ದಾಟಿದ ತಾತನವರು ದಿನವೂ ಅದರೊಳಗಿಳಿದು ಹೂಳೆತ್ತುತ್ತಿದ್ದರು. ಅವರಿಗೆ ಕೈಮುಗಿಯಲು ನೂರಾರು ಮಂದಿ ಬರುತ್ತಿದ್ದರು, ಬುಟ್ಟಿ ಹಿಡಿಯಲು ಒಬ್ಬರೂ ಇಲ್ಲ. ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಮಕ್ಕಳಿಗೆ ಕಾಯಿಲೆಯಾದರೆ ಮನೆಯಿಂದ ಒಂದು ಬಿಂದಿಗೆ ನೀರು ತರುವುದು ಊರಿನ ಪದ್ಧತಿ. ತಾತನವರು ಅದರಲ್ಲಿ ಕೈ ಅದ್ದಿ ಕೊಡುವರು. ಅದೇ ತೀರ್ಥ.

ಮಾಘ ಮಾಸದ ಒಂದು ಬೆಳಿಗ್ಗೆ ನೀರುಗಂಟಿ ಎರ್ರಣ್ಣ ಬಂದ. ಊರ ಕೊಳವೆಬಾವಿಯ ಮೋಟಾರು ಹಾಕಿ, ಬೀದಿಬೀದಿಗೆ ವಾಲ್ವ್ ತಿರುಗಿಸುವವನು ಅವನೇ. ಸಾಧುಸಂತರನ್ನು ನಂಬದವನು, ಹೆಂಡತಿಯ ಹಟಕ್ಕೆ ಬಂದಿದ್ದ. ಸೊಂಟದ ಮೇಲೆ ಆರು ವರ್ಷದ ಮಗಳು ಚಂದ್ರಿ. ಅವಳ ಮೊಣಕಾಲುಗಳು ಒಂದಕ್ಕೊಂದು ತಗುಲಿ ಪಾದಗಳು ಹೊರಕ್ಕೆ ಚಾಚಿಕೊಂಡಿದ್ದವು. ನಾಲ್ಕು ಹೆಜ್ಜೆ ಇಟ್ಟರೆ ಬೀಳುತ್ತಿದ್ದಳು.

"ತಾತ, ಜೋಯಿಸರು ನಾಗದೋಷ ಅಂದ್ರು, ನಾಗರಕಲ್ಲು ನಿಲ್ಲಿಸಿದ್ದಾಯ್ತು. ಆಸ್ಪತ್ರೇಲಿ ಮಾತ್ರೆ ಕೊಟ್ರು, ಅದೂ ಮುಗೀತು. ಈಗ ನಿಮ್ಮ ಸರದಿ," ಎಂದು ಎರ್ರಣ್ಣ ಬಿಂದಿಗೆ ಇಳಿಸಿದ. "ಕೈ ಅದ್ದಿಬಿಡಿ. ಇವಳಮ್ಮನಿಗಾದ್ರೂ ಸಮಾಧಾನ ಆಗ್ಲಿ."

ನೀರು ಕನ್ನಡಿಯಂತಿತ್ತು. ತಾತನವರು ಕೈ ಅದ್ದಲಿಲ್ಲ.

"ಯಾವ ನೀರಪ್ಪ?"

"ನಮ್ಮ ಬೋರಿಂದೇ. ಕಾಯಿಸಿ, ಆರಿಸಿ, ಸೋಸಿ ತಂದಿದ್ದೀನಿ. ಮನೇಲೂ ಕಾಯಿಸದೆ ಒಂದು ತೊಟ್ಟು ಕುಡಿಸಲ್ಲ."

"ಕಾಯಿಸಿದ್ರೆ ನೀರು ಹೋಗುತ್ತೆ ಎರ್ರಣ್ಣ, ವಿಷ ಉಳಿಯುತ್ತೆ."

ಭಕ್ತರೇ, ಇದರಲ್ಲಿ ದಿವ್ಯದೃಷ್ಟಿ ಹುಡುಕಬೇಡಿ. ಮರಳಿನ ನೀರು ನಿನ್ನೆ ಮೊನ್ನೆಯ ಮಳೆಯದು. ಆಳದ ನೀರು ಕಗ್ಗಲ್ಲಿನ ಬಿರುಕುಗಳಲ್ಲಿ ತಲೆಮಾರುಗಟ್ಟಲೆ ಕೂತು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಹಲ್ಲು ಕಂದಿಸುತ್ತದೆ, ಆಮೇಲೆ ಮೂಳೆ ಬಗ್ಗಿಸುತ್ತದೆ. ಹಿಂದಿನ ವರ್ಷ ಯಾವುದೋ ಕಾಲೇಜಿನವರು ಬಂದು ನೀರು ಪರೀಕ್ಷಿಸಿ, ಕೊಳವೆಬಾವಿಯ ಕಟ್ಟೆಗೆ ಕೆಂಪು ಬಳಿದು ಹೋಗಿದ್ದರು. ಕೆಂಪು ಎಂದರೆ ಕುಡಿಯಬೇಡಿ ಎಂದು ಇಡೀ ಊರಿಗೆ ಗೊತ್ತಿತ್ತು. ಅಂದಿನಿಂದ ತಾತನವರು ಆ ನೀರಿಗೆ ಕೈ ಅದ್ದಿರಲಿಲ್ಲ. ಬಂದವರು ಮುನಿಸಿಕೊಂಡು ಹೋಗುತ್ತಿದ್ದರು. ಕೆಲವೇ ತಿಂಗಳಲ್ಲಿ ಕಟ್ಟೆ ಹಸಿರಾಯಿತು. ನೀರು ಅದೇ ನೀರು.

"ಕೆಂಪಿನ ಮೇಲೆ ಹಸಿರು ಬಳಿದೋರು ಯಾರು?" ತಾತನವರು ಮೆಲ್ಲಗೆ ಕೇಳಿದರು.

ಚಂದ್ರಿ ಹೆಮ್ಮೆಯಿಂದ ಹೇಳಿದಳು: "ನಮ್ಮಪ್ಪ. ನಾನೇ ಡಬ್ಬಿ ಹಿಡ್ಕೊಂಡಿದ್ದೆ ತಾತ. ನನ್ನ ಲಂಗಕ್ಕೂ ಬಿತ್ತು, ಅಮ್ಮ ಬೈದ್ಲು."

"ಮಂತ್ರಿ ಬರ್ತಾರೆ, ಕೆಂಪು ಕಾಣಬಾರ್ದು ಅಂತ ಮೇಲಿನೋರು ಅಂದ್ರು," ಎಂದ ಎರ್ರಣ್ಣ. ದನಿ ಇಳಿದಿತ್ತು. "ಬಳಿದೆ. ದಿನಾ ನೋಡ್ತಾ ನೋಡ್ತಾ ನಾನೇ ನಂಬ್ಕೊಂಡ್ಬಿಟ್ಟೆ. ಹಸಿರು ಇತ್ತಲ್ಲ."

"ಮನೇಲಿ ಇನ್ನೊಂದು ಕೂಸಿದೆಯಲ್ಲ?"

"ಗಂಡು. ಇನ್ನೂ ಹೆಜ್ಜೆ ಇಟ್ಟಿಲ್ಲ. ಹೋದ ವಾರ ಎದೆಹಾಲು ಬಿಡಿಸಿ ನೀರು ಕುಡಿಸೋಕೆ..."

ಎರ್ರಣ್ಣನ ಕಣ್ಣು ಬಿಂದಿಗೆಯ ಮೇಲೆ ಬಿತ್ತು.

ತಾತನವರು ಬಿಂದಿಗೆಯನ್ನು ಮರಳಿಗೆ ಬಗ್ಗಿಸಿದರು. ಬುಟ್ಟಿಯನ್ನು ಅವನ ಮುಂದಿಟ್ಟರು. ನೀರು ಬೇಕಾದವನು ಮೊದಲು ಹೂಳೆತ್ತಬೇಕು, ಅದು ತಲಪರಿಗೆಯ ಹಳೆಯ ಕಟ್ಟಳೆ. ಎರ್ರಣ್ಣ ಚಪ್ಪಲಿ ಬಿಟ್ಟು ಇಳಿದ. ಹೊತ್ತು ನೆತ್ತಿಗೇರುವವರೆಗೆ ಕೆಸರು, ಪ್ಲಾಸ್ಟಿಕ್, ಕೋಳಿಮೂಳೆ ಎತ್ತಿ ಹಾಕಿದ. ಕೊನೆಗೆ ಬದಿಯ ಬುಡದಿಂದ ನೀರು ಕದಡಿಕೊಂಡು ಬಂತು, ನಿಧಾನವಾಗಿ ತಿಳಿಯಾಯಿತು. ತಾತನವರು ತೆಂಗಿನ ಚಿಪ್ಪಿನಲ್ಲಿ ಮೊಗೆದು ಚಂದ್ರಿಗೆ ಕುಡಿಸಿದರು.

"ಇವಳ ಕಾಲು ನೆಟ್ಟಗಾಗ್ತಾವಾ?" ಎಂದು ಎರ್ರಣ್ಣ ಗುಂಡಿಯೊಳಗಿಂದಲೇ ಕೇಳಿದ.

"ಇಲ್ಲ," ಎಂದರು ತಾತನವರು. "ಚಿಕ್ಕವನನ್ನ ಉಳಿಸ್ಕೊ."

ಮರುದಿನ ಎರ್ರಣ್ಣ ಬೋರಿನ ನೀರು ಬಟ್ಟೆಗೆ, ಪಾತ್ರೆಗೆ ಮಾತ್ರ ಎಂದು ಬೀದಿಬೀದಿಯಲ್ಲಿ ನಿಂತು ಸಾರಿದ. ಜನ ನಕ್ಕರು, ಬೈದರು. ಊರಿನ ಮಾನ ಕಳೆದ ಎಂದು ಮೇಲಿನವರು ಅವನ ಕೆಲಸ ಕಿತ್ತರು. ಮುಂದಿನ ಬೇಸಿಗೆಯಲ್ಲಿ ತಾತನವರು ದೇಹ ಬಿಟ್ಟರು. ಅಂದಿನಿಂದ ತಲಪರಿಗೆ ಎರ್ರಣ್ಣನ ಪಾಲು. ಈಗ ಕೆಲವು ಮನೆಯವರು ಹೂಳೆತ್ತಿ ನೀರು ಒಯ್ಯುತ್ತಾರೆ. ಬೇಸಿಗೆಯಲ್ಲಿ ಮನೆಗೆ ಒಂದು ಬಿಂದಿಗೆಯೂ ಸಿಗುವುದಿಲ್ಲ. ಉಳಿದ ಊರು ಇವತ್ತಿಗೂ ಬೋರಿನ ನೀರನ್ನೇ ಕುಡಿಯುತ್ತಿದೆ. ತಾತನವರ ಪಟಕ್ಕೆ ಮಾತ್ರ ಮನೆಮನೆಯಲ್ಲೂ ಹೂವಿನ ಹಾರ.

ಚಂದ್ರಿ ಕೋಲೂರಿಕೊಂಡು ದಡಕ್ಕೆ ಬರುತ್ತಾಳೆ. ತಮ್ಮ ಮರಳಿನ ಮೇಲೆ ಓಡುವುದನ್ನು ನೋಡುತ್ತಾ, "ಅಪ್ಪ, ನಾನ್ಯಾವಾಗ ಹಂಗೆ ಓಡೋದು?" ಎಂದು ಕೇಳುತ್ತಾಳೆ. ಮೊದಲಾದರೆ ಎರ್ರಣ್ಣ ಯುಗಾದಿಗೆ ಅನ್ನುತ್ತಿದ್ದ, ಯುಗಾದಿ ಕಳೆದರೆ ದೀಪಾವಳಿಗೆ ಅನ್ನುತ್ತಿದ್ದ. ಈಗ ಕೆಸರಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ಪಕ್ಕದಲ್ಲಿ ಕೂರುತ್ತಾನೆ.

"ಓಡೋಕಾಗಲ್ಲ ಕಣವ್ವ. ಕೆಟ್ಟ ನೀರು ಅಂತ ಗೊತ್ತಿದ್ದೂ ನಿಂಗೆ ಕುಡಿಸ್ದೆ."

ಅವಳು ಕೇಳಿದಷ್ಟು ಸಲವೂ ಅದನ್ನೇ ಹೇಳುತ್ತಾನೆ.