ಮುರಿಗೆಪ್ಪ ಮೇಷ್ಟ್ರ ವಿದೇಶಿ ವಾಚು

ಕಾಲವನ್ನು ಹುಟ್ಟಿಸಿ ತಾನು ಕಾಲಕ್ಕೆ ಸಿಗದೆ ತುಂಗಭದ್ರೆಯ ದಡದಲ್ಲಿ ನೆಲೆಸಿರುವ ಹರಿಹರೇಶ್ವರನಿಗೆ ಮೊದಲು ತಲೆಬಾಗುತ್ತೇನೆ. ಒಂದೇ ಮೈಯಲ್ಲಿ ಹರಿಯೂ ಹರನೂ ಆಗಿ ನಿಂತ ಆ ಸ್ವಾಮಿ, ಈ ಕಥೆ ಹೇಳುವ ನಾಲಿಗೆಯನ್ನೂ ಕೇಳುವ ಕಿವಿಯನ್ನೂ ಕಾಯಲಿ.

ಹರಿಹರದಲ್ಲಿ ಮುರಿಗೆಪ್ಪ ಎಂಬ ಡ್ರಾಯಿಂಗ್ ಮೇಷ್ಟ್ರು ಇದ್ದರು. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿದವರಲ್ಲ. ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಹುಚ್ಚು. ನಕಲಿ ವಾಚು!

ದೊಡ್ಡ ದೊಡ್ಡ ವಿದೇಶಿ ಕಂಪನಿಗಳ ಹೆಸರು ಹೊತ್ತ ಡುಪ್ಲಿಕೇಟ್ ವಾಚುಗಳನ್ನು ಫುಟ್‌ಪಾತಿನಲ್ಲಿ ಆರಿಸಿ ತರುವರು. ಮನೆಗೆ ಬಂದು ಬಿಚ್ಚುವರು. ಒಂದರ ಮುಳ್ಳು ತೆಗೆದು ಇನ್ನೊಂದಕ್ಕೆ, ಅದರ ಗಾಜು ತೆಗೆದು ಮತ್ತೊಂದಕ್ಕೆ. ಡಯಲಿಗೆ ತಾವೇ ಬಣ್ಣ ಹಚ್ಚುವರು. ಹೀಗೆ ನಲವತ್ತೊಂದು ವಾಚು ಆಗಿದ್ದವು. ಹೆಂಡತಿ ಶಿವಗಂಗಮ್ಮ ಚಕ್ಕುಲಿ ತುಂಬಲು ಡಬ್ಬಿ ತೆರೆದರೆ ಒಳಗಿಂದ ಟಿಕ್ ಟಿಕ್ ಸದ್ದು.

"ಮೇಷ್ಟ್ರೇ, ಇದು ಅಸಲಿ ಏನ್ರೀ?" ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಮೇಷ್ಟ್ರು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಮುಗುಳ್ನಕ್ಕು ಅಂಗಿಯ ತೋಳು ಸ್ವಲ್ಪ ಮೇಲೆ ಸರಿಸುತ್ತಿದ್ದರು. ತಾವು ಸುಳ್ಳಾಡಿಲ್ಲ ಎಂದು ಅವರಿಗೆ ಸಮಾಧಾನ. ನಗುವೂ ಸುಳ್ಳು ಹೇಳಬಲ್ಲದು ಎಂಬುದು ಪಾಪ ಅವರ ತಲೆಗೆ ಹೊಳೆದಿರಲಿಲ್ಲ.

ಒಂದು ವಾಚಿನಲ್ಲಿ ವಾರ ತೋರಿಸುವ ಪುಟ್ಟ ಕಿಟಕಿಯಿತ್ತು. ಅದರ ಹಿಂದಿನ ಬಿಲ್ಲೆಯಲ್ಲಿ ಇಂಗ್ಲಿಷಿನಲ್ಲಿ ವಾರಗಳ ಹೆಸರು. ಮೇಷ್ಟ್ರು ಬ್ರಷ್ಷಿನಲ್ಲಿ ಒಂದೇ ಕೂದಲು ಉಳಿಸಿಕೊಂಡು, ಆರು ಭಾನುವಾರ ಕೂತು, ಅವನ್ನು ಅಳಿಸಿ, ಆ ಬಿಲ್ಲೆಯ ಮೇಲೆ ಸೋಮ, ಮಂಗಳ, ಬುಧ ಎಂದು ಏಳು ವಾರವನ್ನೂ ಸಾಸಿವೆಯಷ್ಟು ಕನ್ನಡ ಅಕ್ಷರದಲ್ಲಿ ಬರೆದರು. ಮೇಲೆ ಸ್ವಿಜರ್ಲೆಂಡಿನ ಕಂಪನಿಯ ಹೆಸರು, ಪಕ್ಕದಲ್ಲಿ ಕನ್ನಡ. ನೋಡಿ ನೋಡಿ ಹಿಗ್ಗಿದರು. ಮಗಳು ಸುಮಂಗಲೆಯ ನಿಶ್ಚಿತಾರ್ಥಕ್ಕೆ ಅದನ್ನೇ ಕಟ್ಟಿಕೊಂಡರು.

ಬೀಗರು ರಾಣೆಬೆನ್ನೂರಿನವರು. ಹೆಸರು ಕೊಟ್ರಬಸಪ್ಪ, ಊರಿನ ಕನ್ನಡ ಸಂಘದ ಅಧ್ಯಕ್ಷರು. ಅಂಗಡಿ ಬೋರ್ಡು ಇಂಗ್ಲಿಷಿನಲ್ಲಿದ್ದರೆ ಆ ಅಂಗಡಿಯಲ್ಲಿ ಬೆಂಕಿಪೊಟ್ಟಣವನ್ನೂ ಕೊಳ್ಳದ ಮನುಷ್ಯ. ತಾಂಬೂಲ ಬದಲಿಸುವಾಗ ಅವರ ಕಣ್ಣು ಮೇಷ್ಟ್ರ ಮಣಿಕಟ್ಟಿಗೆ ಬಿತ್ತು. ಅಂದು ಗುರುವಾರ.

"ಬೀಗರ, ಇದೇನ್ರಿ ಇದು? 'ಗುರು' ಅಂತ ಕನ್ನಡದಾಗ ಐತಲ್ರಿ! ಫಾರಿನ್ ಕಂಪನಿಯವ್ರು ಬರದಾರೇನ್ರಿ?"

ಸುತ್ತ ಐವತ್ತು ಜನ. ಈ ಸಲ ಮುಗುಳ್ನಗೆ ಸಾಲಲಿಲ್ಲ. ಮೇಷ್ಟ್ರ ಬಾಯಿಂದ ಜಾರಿಯೇ ಹೋಯಿತು:

"ಹೌದ್ರಿ. ನಮ್ಮ ಕಡೆ ಮಂದಿಗಂತನ ಸ್ಪೆಷಲ್ಲಾಗಿ ಮಾಡ್ಯಾರ."

ಕೊಟ್ರಬಸಪ್ಪನವರ ಕಣ್ಣಲ್ಲಿ ನೀರು. "ನೋಡ್ರೆಪಾ! ನಮ್ಮ ಬಸ್‌ಸ್ಟ್ಯಾಂಡಿನ ಬೇಕರಿಯವಗ ಕನ್ನಡ ಬೋರ್ಡು ಹಾಕೂ ಬುದ್ಧಿ ಬರಲಿಲ್ಲ, ಸ್ವಿಜರ್ಲೆಂಡಿನವ್ರಿಗೆ ಬಂತು!" ಎಂದು ಎಲ್ಲರ ಕೈಗೂ ವಾಚು ಮುಟ್ಟಿಸಿದರು. ಮುದುಕಿಯೊಬ್ಬಳು ಕಣ್ಣಿಗೊತ್ತಿಕೊಂಡಳು.

ಅಲ್ಲಿಗೆ ಮುಗಿಯಲಿಲ್ಲ. ನಾಲ್ಕೇ ದಿನಕ್ಕೆ ಬೀಗರ ಫೋನು.

"ಬೀಗರ, ಕಂಪನಿಗೆ ಅಭಿನಂದನಾ ಪತ್ರ ಬರದೀನಿ. ನಮ್ಮ ಲೆಕ್ಚರರ್ ಒಬ್ರು ಮೂರು ದಿನ ಕೂತು ಇಂಗ್ಲಿಷ್ ಮಾಡಾಕತ್ತಾರ. ಮದುವಿ ಮಂಟಪದಾಗ ಕನ್ನಡದಾಗ ಓದೂದು, ಆಮ್ಯಾಲೆ ಪೋಸ್ಟಿಗೆ ಹಾಕೂದು. ಕಂಪನಿ ವಿಳಾಸ ಅಷ್ಟು ಕೊಡ್ರಿ."

ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಸ್ವಿಜರ್ಲೆಂಡಿನಿಂದ ಉತ್ತರ ಬರುತ್ತದೆ.

"ವಾಚು ಹೊಳ್ಯಾಗ ಬಿತ್ತು ಅಂದುಬಿಡಲೇನ?" ಎಂದು ಹೆಂಡತಿಯನ್ನು ಕೇಳಿದರು.

"ಅನ್ರಿ. ಬೀಗರು ಈಜುಗಾರರನ್ನ ಕರ್ಕೊಂಡು ಬರ್ತಾರ. ಅವರಿಗೂ ಅಡಿಗಿ ನಾನೇ ಮಾಡಬೇಕು," ಎಂದರು ಶಿವಗಂಗಮ್ಮ.

ಸುಮಂಗಲೆ ಮಾತ್ರ ನಗಲಿಲ್ಲ. ಅವಳಿಗೆ ಹುಡುಗ ಮಹಾಂತೇಶ ಮನಸ್ಸಿಗೆ ಬಂದಿದ್ದ. "ಅಪ್ಪಾಜಿ, ನಾಳೆ ನಾ ಆ ಮನ್ಯಾಗ ಇರಾಕಿ. ದಿನಾ ಮಾವನೋರು ಆ ವಾಚಿನ ಸುದ್ದಿ ತಗದ್ರ ನಾ ದಿನಾ ಸುಳ್ಳು ಹೇಳಲೇನು? ನೀವು ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೀನಿ."

ಮೇಷ್ಟ್ರು ನೇರ ಗುಡಿಗೆ ಹೋದರು. "ಸ್ವಾಮಿ, ನೀ ಕೊಟ್ಟ ಕೈಯಿಂದ ಬರೆದೆ, ನಾಲಿಗೆಯಿಂದ ಕೆಡಿಸಿದೆ. ಮಗಳ ಬಾಳು ಕೆಡದಂಗ ನೋಡಿಕೋ," ಎಂದು ಅಡ್ಡಬಿದ್ದು, ವಾಚನ್ನೂ ಬಣ್ಣದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದರು.

ಬೀಗರ ಪಡಸಾಲೆಯಲ್ಲಿ ನಿಂತೇ ಹೇಳಿದರು. "ಬೀಗರ, ಈ ವಾಚು ನಕಲಿ. ಕನ್ನಡ ಬರದಾಂವ ನಾನು. ಕಂಪನಿಗೆ ಏನೂ ಗೊತ್ತಿಲ್ಲ."

ಕೊಟ್ರಬಸಪ್ಪ ಗಹಗಹಿಸಿ ನಕ್ಕರು. "ಏ, ಹೋಗ್ರಿ! ಚಾಷ್ಟಿ ಮಾಡ್ತೀರಿ. ಇಷ್ಟು ಸಣ್ಣ ಅಕ್ಷರ ಮನುಷ್ಯಾ ಬರೀತಾನ? ಅದು ಮಷೀನಿಂದು."

ನೋಡಿದಿರಾ? ಸುಳ್ಳು ಹೇಳಿದಾಗ ಐವತ್ತು ಜನ ಕಣ್ಣು ಮುಚ್ಚಿ ನಂಬಿದ್ದರು. ನಿಜ ಹೇಳಿದಾಗ ಒಬ್ಬರೂ ನಂಬುವವರಿಲ್ಲ.

ಮೇಷ್ಟ್ರು ಆಣೆ ಮಾಡಿದರು. ಕೊನೆಗೆ ಕೊಟ್ರಬಸಪ್ಪ ಎದೆ ಮುಂದೆ ಮಾಡಿ, "ಹಂಗಾರ ನನ್ನ ಅಂಗಿ ಗುಂಡಿ ಮ್ಯಾಲೆ ನನ್ನ ಪೂರಾ ಹೆಸರು ಬರೀರಿ ನೋಡೂಣು," ಎಂದರು.

ಮೇಷ್ಟ್ರು ಮಂಡಿಯೂರಿದರು. ಒಂಟಿ ಕೂದಲಿನ ಬ್ರಷ್ಷು ತೆಗೆದರು. ಬೀಗರ ಹೊಟ್ಟೆ ದೊಡ್ಡದು, ಉಸಿರಾಡಿದಂತೆಲ್ಲ ಗುಂಡಿ ಮುಂದೆ ಬರುವುದು, ಹಿಂದೆ ಹೋಗುವುದು.

"ಉಸುರು ಹಿಡೀರಿ ಬೀಗರ."

"ಎಷ್ಟೊತ್ತು?"

"ಮಾತಾಡಬ್ಯಾಡ್ರಿ. 'ಕೊಟ್ರ' ಆಗೇತಿ. 'ಬಸಪ್ಪ' ಉಳದೈತಿ."

ಕೆಂಪಗಾಗಿದ್ದ ಕೊಟ್ರಬಸಪ್ಪ ಫುಸ್ಸೆಂದು ಉಸಿರು ಬಿಟ್ಟು, ಅಂಗಿ ಕಳಚಿ, ಕನ್ನಡಕ ಏರಿಸಿ ಗುಂಡಿ ನೋಡಿದರು. ಒಂದಕ್ಷರ ಬಿಡದೆ ಹೆಸರಿತ್ತು.

ಅವರ ನಗು ಇಳಿಯಿತು. ಬನಿಯನ್ನಿನಲ್ಲೇ ಕುರ್ಚಿಗೆ ಕುಸಿದರು. "ಸಂಘದ ಮಂದಿಗೆಲ್ಲಾ ಹೇಳಿಬಿಟ್ಟೀನಲ್ರಿ. ನನ್ನ ಮುಖಕ್ಕ ಮಸಿ ಬಳದ್ರಿ ಮೇಷ್ಟ್ರ." ಬೀಗರ ಎಂಬ ಮಾತು ಹೋಗಿ ಮೇಷ್ಟ್ರ ಎಂಬುದು ಬಂದಿತ್ತು. ಮುರಿಗೆಪ್ಪನವರ ಎದೆ ಒಡೆಯಿತು.

"ನನಗ ಏನಾರ ಅನ್ರಿ. ಹುಡುಗಿದು ತಪ್ಪಿಲ್ಲ. ಹೇಳಾಕ ಕಳಿಸಿದಾಕಿನ ಆಕಿ."

ಕೊಟ್ರಬಸಪ್ಪ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡರು. ಗುಂಡಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹೇಳಿದರು: "ಅಂಥಾ ಹುಡುಗಿನ ಬಿಟ್ರ ನಾ ದಡ್ಡ ಆಗ್ತೀನಿ. ಮದುವಿ ಆಗ್ತೈತಿ. ಆದ್ರ ಮಂಟಪದಾಗ ಎಲ್ಲಾರ ಮುಂದ ನೀವೇ ನಿಂತು ಒಪ್ಪಿಕೊಳ್ಳಬೇಕು. ಮತ್ತ, ಈ ಡಯಲ್ ಮ್ಯಾಲಿನ ಕಂಪನಿ ಹೆಸರು ಈಗ, ನನ್ನ ಕಣ್ಮುಂದ ಅಳಿಸ್ರಿ. ದುಡದಾಂವ ನೀವು, ಹೆಸರು ಅವರಿಗ್ಯಾಕ?"

ಮೇಷ್ಟ್ರು ಗಾಜು ಬಿಚ್ಚಿ ಹೆಸರು ಅಳಿಸಿದರು. ಆ ಜಾಗ ಬೋಳಾಯಿತು. ಅವರ ಎದೆ ಹಗುರಾಯಿತು.

ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ ಮುರಿಗೆಪ್ಪ ಮೈಕು ಹಿಡಿದು ಎಲ್ಲವನ್ನೂ ಹೇಳಿದರು. ಮಂಟಪವೆಲ್ಲ ನಗಲು ಹತ್ತಿತು, ಓಲಗದವರೂ ವಾದ್ಯ ಕೆಳಗಿಟ್ಟು ನಗುವಷ್ಟು. ಆಗ ಕೊಟ್ರಬಸಪ್ಪ ಎದ್ದರು. "ಬರದ ಪತ್ರ ದಂಡ ಮಾಡಬಾರದು. ಕಂಪನಿ ಹೆಸರು ಹೊಡದು ನಮ್ಮ ಬೀಗರ ಹೆಸರು ಹಾಕೀನಿ," ಎಂದು ಗಂಭೀರವಾಗಿ ಓದತೊಡಗಿದರು:

"ಶ್ರೀ ಮುರಿಗೆಪ್ಪ ಮೇಷ್ಟ್ರೇ, ಏಳು ಸಮುದ್ರಗಳಾಚೆ ಕುಳಿತು ಕನ್ನಡವನ್ನು ಪ್ರೀತಿಸಿದ ತಮಗೆ ವಂದನೆ. ಸದಾ ಹಿಮ ಸುರಿಯುವ ತಮ್ಮ ಊರಿಗೂ ನಮ್ಮ ನಮಸ್ಕಾರ."

ಹೆಸರು ಬದಲಿಸಿದ್ದರು, ಉಳಿದದ್ದನ್ನು ಮರೆತಿದ್ದರು. ಏಪ್ರಿಲ್ ತಿಂಗಳು. ಹಿಮದ ಊರು ಹರಿಹರದಿಂದ ಬಂದ ಮೇಷ್ಟ್ರು ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ, ಎಲ್ಲರಿಗಿಂತ ಜೋರಾಗಿ ನಕ್ಕರು.

ನೀತಿ: ದೇವರು ಕೊಟ್ಟ ಕೈಯ ಕೆಲಸಕ್ಕೆ ಬೇರೆಯವರ ದೊಡ್ಡ ಹೆಸರನ್ನು ಅಂಟಿಸಬೇಡಿ, ಹಾಗೆ ಮಾಡಿದರೆ ನಮ್ಮ ನಿಜವಾದ ದುಡಿಮೆಯೂ ಸುಳ್ಳಿನ ಲೆಕ್ಕಕ್ಕೆ ಸೇರುತ್ತದೆ. ನಕಲನ್ನು ನಕಲು ಎಂದು ಮೊದಲೇ ಒಪ್ಪಿಕೊಂಡವನಿಗೆ ನಾಚಿಕೆ ಇಲ್ಲ, ತಡವಾಗಿ ಒಪ್ಪಿಕೊಂಡವನಿಗೂ ಸ್ವಾಮಿಯ ಕರುಣೆ ಇದೆ.

ಇದನ್ನು ಓದಿದ, ಕೇಳಿದ ನಿಮ್ಮೆಲ್ಲರ ಕೈಗೆ ಕಸುವು ಸಿಗಲಿ, ನಾಲಿಗೆಗೆ ಸತ್ಯ ಒಲಿಯಲಿ, ಮನೆಯಲ್ಲಿ ನಗು ತುಂಬಿರಲಿ. ಹರಿಹರೇಶ್ವರ ನಿಮ್ಮನ್ನು ಹರಸಲಿ.